ನಮ್ಮನೇಲಿ ಉಪ್ಪಿಟ್ಟು, ನಿಮ್ಮನೇಲಿ ಏನು?

ಡಾಕ್ಟರು ತೀರಿಹೋದ ಸುದ್ದಿ ಬಂದಾಗ ಎಲ್ಲರೂ ಅವರ ಕೈಗುಣದ ಮಾತಾಡಿದರು. ನನಗೆ ನೆನಪಾದದ್ದು ಅವರು ನಮ್ಮವ್ವನನ್ನು ಕೇಳಿದ ಒಂದು ಪ್ರಶ್ನೆ.

ತೊಂಬತ್ತರ ದಶಕದ ಕೊನೆ. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಅಣ್ಣನಿಗೆ ಹರ್ನಿಯಾ ಆಗಿ ಹೆಗ್ಗಡದೇವನಕೋಟೆಯಲ್ಲಿ ಆಪರೇಷನ್ ಗೊತ್ತಾಯಿತು. ಹಿಂದಿನ ಸಂಜೆ ಡಾಕ್ಟರು ನನ್ನನ್ನು ಕೂರಿಸಿಕೊಂಡು, ಬೆಳಿಗ್ಗೆ ಅಣ್ಣನ ಬಾಯಿಗೆ ಏನೂ ಹೋಗಬಾರದು, ಪ್ರಜ್ಞೆ ತಪ್ಪಿಸಿದಾಗ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ ಎಂದು ವಿವರಿಸಿ, ನೋಡಿಕೊಳ್ಳುವ ಹೊಣೆಯನ್ನು ನನಗೇ ಒಪ್ಪಿಸಿದ್ದರು.

ನಮ್ಮ ಕಡೆ ಯಾರನ್ನೂ ಹಸಿದ ಹೊಟ್ಟೆಯಲ್ಲಿ ಹೊರಡಿಸುವುದಿಲ್ಲ. ಮೊದಲ ಬಸ್ಸಿಗೆ ಊರಿಂದ ಆಸ್ಪತ್ರೆಗೆ ಬಂದ ಅವ್ವ, ನಾನು ಮುಖ ತೊಳೆದು ಬರುವಷ್ಟರಲ್ಲಿ ಅಣ್ಣನಿಗೆ ರಾಗಿ ಗಂಜಿ ಕುಡಿಸಿ ಮುಗಿಸಿದ್ದಳು.

"ಡಾಕ್ಟ್ರು ಬ್ಯಾಡ ಅಂದವ್ರೆ ಕಣವ್ವ."

"ಸುಮ್ಕಿರ್ಲಾ. ಊಟ ತಾನೆ ಬ್ಯಾಡ ಅಂದಿದ್ದು? ಗಂಜಿ ನೀರಿದ್ದಂಗೆ. ಕುಯ್ಯಕ್ಕೆ ಓಗೋ ಮಗನ್ನ ಹಸ್ಕೊಂಡು ಕಳುಸ್ಲಾ?"

ಅಣ್ಣ ಮೀಸೆ ಒರೆಸಿಕೊಂಡು ನಕ್ಕ. "ಬುಡ್ಲಾ, ಕಾಲೇಜಿಗೆ ಓದ್ಮೇಲೆ ನೀನೇ ಡಾಕ್ಟ್ರಾಗ್ಬುಟ್ಟೆ."

ನರ್ಸ್ ಬಂದು ಕೇಳಿದಾಗ ಅವ್ವ ಏನೂ ಕೊಟ್ಟಿಲ್ಲವೆಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಹೆತ್ತವಳ ಸುಳ್ಳನ್ನು ಎತ್ತಿ ಆಡಲು ನಾಚಿಕೆಯಾಗಿ ಬಾಯಿ ಬಿಡಲಿಲ್ಲ. ಟ್ರಾಲಿ ಹೊರಟಿತು. ಅದರ ಒಂದು ಗಾಲಿ ಕಿರುಗುಟ್ಟುತ್ತಿತ್ತು. ಆ ಸದ್ದು ಈಗಲೂ ನನ್ನನ್ನು ಬಿಟ್ಟಿಲ್ಲ.

ಆಪರೇಷನ್ ಕೋಣೆಯ ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಯಾವ ಅವಸರವೂ ಇಲ್ಲದವರಂತೆ ಅವ್ವನ ಕಡೆ ತಿರುಗಿದರು.

"ಏನಮ್ಮ, ನಮ್ಮನೇಲಿ ಇವತ್ತು ಉಪ್ಪಿಟ್ಟು. ಮಗಳು ಮುಖ ಗಂಟು ಹಾಕ್ಕೊಂಡು ತಿಂದ್ಲು. ನಿಮ್ಮನೇಲಿ ಏನು ಮಾಡಿದ್ರಿ ಮಗನಿಗೆ?"

ಅವ್ವನ ಮುಖ ಅರಳಿತು. "ಉಪ್ಪಿಟ್ಟು ಎಲ್ಲಿ ತಡೀತದೆ ಸ್ವಾಮಿ? ನಾನು ಒಂದು ಚೊಂಬು ಗಂಜಿ ಕುಡಿಸ್ದೆ."

ಅವರು ಕೈ ಅಡ್ಡ ಹಿಡಿದರು. ಟ್ರಾಲಿ ನಿಂತಿತು. ಬಾಗಿಲಿಗೆ ನಾಲ್ಕು ಹೆಜ್ಜೆ ಇತ್ತು.

ಅವರು ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಸಾಯಂಕಾಲ ಮಾಡೋಣ" ಎಂದು ಮನೆಗೆ ಫೋನ್ ಮಾಡಿದರು. ಆ ಸಂಜೆ ಅವರ ಮಗಳ ಶಾಲೆಯ ವಾರ್ಷಿಕೋತ್ಸವ ಎಂದು ನನಗೆ ತಿಳಿದದ್ದು ಆಗಲೇ.

"ಇಲ್ಲ ಮಗೂ, ನಿನ್ನ ಡ್ಯಾನ್ಸಿಗೆ ಬರೋಕಾಗಲ್ಲ." ಬಹಳ ಹೊತ್ತು ಆ ಕಡೆಯ ಮಾತು ಕೇಳಿಸಿಕೊಂಡರು. "ಹೂಂ. ತಪ್ಪು ನಂದೇ."

ಸಂಜೆ ಆಪರೇಷನ್ ಸರಿಯಾಗಿಯೇ ಆಯಿತು. ಅವರು ಹೊರಬಂದಾಗ ಹೆಂಡತಿ, ಮಗಳು ಬೆಂಚಿನ ಮೇಲೆ ಕಾದಿದ್ದರು. ಮಗುವಿನ ಮುಖದಲ್ಲಿ ಇನ್ನೂ ಬಣ್ಣವಿತ್ತು. "ತೋರ್ಸಲ್ಲ ಹೋಗಿ" ಎಂದಳು. ಅವರು ಪಕ್ಕದಲ್ಲಿ ಕೂತರು. ಕೊನೆಗೆ ಅವಳು ಕೂತಲ್ಲೇ, ಬರೀ ಕೈಗಳಲ್ಲಿ, ಆ ಕುಣಿತವನ್ನೆಲ್ಲ ಮಾಡಿ ತೋರಿಸಿದಳು.

ಮರುದಿನ ಡಾಕ್ಟರು ನನ್ನನ್ನು ಮಾತ್ರ ಕರೆದರು. "ನಿಂಗೆ ಗೊತ್ತಿತ್ತು." ತಲೆ ತಗ್ಗಿಸಿದೆ. "ಇನ್ನೊಂದು ಸಲ ನಾಚ್ಕೋಬೇಡಪ್ಪ" ಎಂದು ಹೆಗಲು ತಟ್ಟಿದರು. ನಮ್ಮ ಮನೆಯವರಿಗೆ ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅವರ ಹನ್ನೊಂದನೆಯ ದಿನದ ಕಾರ್ಯಕ್ಕೆ ಅಣ್ಣನೂ ನಾನೂ ಹೋಗಿದ್ದೆವು. ಆ ಮಗಳು ಅಷ್ಟರಲ್ಲಿ ಕಾಲೇಜು ಹುಡುಗಿಯಾಗಿದ್ದಳು. ನಮ್ಮನ್ನು ಕಂಡು, "ಊರಿಂದ ಬಂದಿದ್ದೀರ, ಬೆಳಿಗ್ಗೆ ಏನು ತಿಂದ್ರಿ?" ಎಂದು ಕೇಳಿದಳು.

ಅದೇ ದನಿ. ನಾನು ಅಣ್ಣನ ಎದುರಿನಲ್ಲೇ ಹೇಳಿದೆ: "ಅವತ್ತು ನಿಮ್ಮ ಡ್ಯಾನ್ಸಿಗೆ ಅಪ್ಪ ಬರದೇ ಹೋದದ್ದು ಅವರ ತಪ್ಪಲ್ಲಮ್ಮ. ನಂದು."