ಗಾಲಿಯ ಹಿಂದಿನ ಕೆಂಪು ಅರಿವೆ

ಲಕ್ಷ್ಮೇಶ್ವರದ ಖಾಸಿಂಸಾಬರು ಮಾಟ ಮಾಡುತ್ತಾರೆಂದು ಓಣಿಯೆಲ್ಲ ನಂಬಿತ್ತು; ಇದನ್ನು ಬರೆಯುವ ಬುದ್ಧಿವಂತನೂ ನಂಬಿದ್ದ. ಗಾಡಿ ರಿಪೇರಿಯ ನಡುವೆ ಯಾರಾದರೂ "ಸಾಬರ..." ಅಂದರೆ ಸಾಕು, ಕಿಸೆಯಿಂದ ಕೆಂಪು ಅರಿವೆಯ ತುಂಡು ತೆಗೆದು, ಬಿಗಿಯುತ್ತಿದ್ದ ನಟ್ಟಿಗೆ ಕಟ್ಟಿದ ಮೇಲೆಯೇ ಅವರು "ಏನ್ರಿ?" ಅನ್ನುತ್ತಿದ್ದರು. ಇನ್ನೇನು ಪುರಾವೆ ಬೇಕು?

ಅಸಲಿಗೆ ಅದು ವಿಮಾನದ ಪಾಠ. ಅರ್ಧ ಆಯುಷ್ಯ ಹ್ಯಾಂಗರಿನಲ್ಲಿ ವಿಮಾನ ರಿಪೇರಿ ಮಾಡಿ ಊರಿಗೆ ಮರಳಿದವರು ಅವರು. ಅಲ್ಲಿ ಒಮ್ಮೆ ಜೊತೆಗಾರನನ್ನು ಯಾರೋ ನಡುವೆಯೇ ಚಹಾಕ್ಕೆ ಕರೆದರು. ತಿರುಗಿ ಬಂದವನು ನಟ್ಟು ಬಿಗಿದಾಗಿದೆಯೆಂದೇ ತಿಳಿದು ಮುಚ್ಚಳ ಹಾಕಿದ. ವಿಮಾನ ಹಾರಿತು. ಇಳಿದ ಪೈಲಟ್‌ನ ಮುಖದಲ್ಲಿ ರಕ್ತವಿರಲಿಲ್ಲ: ಮೋಡದ ನಡುವೆ, ರೆಕ್ಕೆಯ ಒಳಗಿನಿಂದ ಯಾರೋ ಕದ ಬಡಿಯುತ್ತಿದ್ದರಂತೆ. ಬಿಚ್ಚಿ ನೋಡಿದರೆ, ಅವನು ನಟ್ಟಿನ ಮೇಲೆಯೇ ಮರೆತಿದ್ದ ಪಾನಾ, ಅಂದರೆ ಸ್ಪ್ಯಾನರ್. ಅಂದಿನಿಂದ ಅರಿವೆಯ ರೂಢಿ ಬಂತು. ಅರಿವೆ ಇದ್ದರೆ ಕೆಲಸ ಅರ್ಧ, ಇಲ್ಲದಿದ್ದರೆ ಪೂರ್ತಿ. ಖಾಸಿಂಸಾಬರು ತಮ್ಮ ನೆನಪಿಗಿಂತ ಅರಿವೆಯನ್ನೇ ಹೆಚ್ಚು ನಂಬುತ್ತಿದ್ದರು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಅದರ ಜೊತೆಗೇ ಬೆಟಗೇರಿಯ ಕುಬೇರಪ್ಪನೂ ದೊಡ್ಡವನಾಗಿ, ಯಾವುದೋ ಸಂಘದ ಜಿಲ್ಲಾ ಉಪಾಧ್ಯಕ್ಷನಾಗಿದ್ದ. ಮಗಳಿಗೆ ಗೊತ್ತಾದ ಗಂಡಿನ ಮನೆ ನೋಡಲೆಂದು ಹೆಂಗಸರನ್ನು ತನ್ನ ಟೆಂಪೋದಲ್ಲಿ ತುಂಬಿಕೊಂಡು ಶಿಗ್ಲಿಗೆ ಹೊರಟಾಗ ಲಕ್ಷ್ಮೇಶ್ವರದಲ್ಲಿ ಬ್ರೇಕು ಕೈಕೊಟ್ಟಿತು; ಟೆಂಪೋ ಖಾಸಿಂಸಾಬರ ಮನೆಯ ಮುಂದೆ ಬಂದು ನಿಂತಿತು.

"ಜಲ್ದಿ ಮಾಡ್ರಿ ಸಾಬರ. ಉಪಾಧ್ಯಕ್ಷ ತಡಾ ಮಾಡಿದರ ಜಿಲ್ಲಾದ ಮರ್ಯಾದಿ ಹೊಕ್ಕೈತಿ."

"ಲೇ ಕುಬ್ಯಾ, ಅಧ್ಯಕ್ಷನ್ನ ಕರಕೊಂಡು ಬರಬೇಕಿತ್ತಲ್ಲೋ," ಎಂದಳು ಟೆಂಪೋದೊಳಗಿಂದ ಅವನ ತಾಯಿ ಅಂಬವ್ವ.

ಅಷ್ಟರಲ್ಲಿ ಮನೆಯೊಳಗಿಂದ ಸಾಬರ ಹೆಂಡತಿ ಮೋತಿಬಿ ಚೀರಿದಳು: "ಚೇಳು! ಲಗೂನ ಬರ್ರಿ!" ಖಾಸಿಂಸಾಬರು ಪಾನಾವನ್ನು ಗಾಲಿಯ ಹಿಂದಿನ ಬ್ರೇಕಿನ ನಟ್ಟಿನ ಮೇಲೆಯೇ ಬಿಟ್ಟು, ಅರಿವೆ ಕಟ್ಟಿ, ಒಳಗೆ ಓಡಿದರು.

ಸಾಬರ ಮಾಟದ ಖಬರು ಬೆಟಗೇರಿವರೆಗೂ ಮುಟ್ಟಿತ್ತು. ಇಂಥ ಶಕ್ತಿ ಗಾಲಿಯ ಹಿಂದೆ ಕೆಸರಿನಲ್ಲಿ ಯಾಕಿರಬೇಕು? ಕುಬೇರಪ್ಪ ಅರಿವೆ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಸ್ಟೇರಿಂಗಿಗೆ ಕಟ್ಟಿದ.

ಚೇಳು ಹೊಡೆದು ಬಂದ ಸಾಬರು ಬಾಗಿಲಿನಿಂದಲೇ ಗಾಲಿಯ ಕಡೆ ನೋಡಿದರು. ಕೆಂಪು ಕಾಣಲಿಲ್ಲ. "ಆತು, ಹೋಗ್ರಿ," ಅಂದರು.

ಟೆಂಪೋ ಹೋದ ಮೇಲೆ ಓಣಿಯಲ್ಲಿ ಮಟಮಟ ಮಧ್ಯಾಹ್ನದ ಮೌನ. ಹ್ಯಾಂಗರಿನಲ್ಲಿದ್ದಂತೆಯೇ ಗೋಡೆಗೆ ನೇತುಹಾಕಿದ ಪ್ರತಿ ಪಾನಾದ ಹಿಂದೆ ಅದರ ಆಕಾರವನ್ನು ಕರಿ ಬಣ್ಣದಲ್ಲಿ ಬರೆದಿದ್ದರು. ಅವುಗಳಲ್ಲಿ ಒಂದು ಬರಿದಾಗಿತ್ತು. ಪಾನಾ ಇಲ್ಲ, ಅದರ ನೆರಳು ಮಾತ್ರ ಇದೆ. ನೋಡುತ್ತ ನಿಂತ ಸಾಬರಿಗೆ ಅದು ಶಿಗ್ಲಿ ದಾರಿಯತ್ತ ಚಾಚಿದ ಬೆರಳಿನಂತೆ ಕಂಡಿತು. ತಾವೇ ಎಂದೂ ಕೇಳಿರದ ಆ ರೆಕ್ಕೆಯೊಳಗಿನ ಸದ್ದು ಕಿವಿಯಲ್ಲಿ ಶುರುವಾಯಿತು: ಟಕ್. ಟಕ್.

ಲೂನಾ ಹತ್ತಿ ಬೆನ್ನಟ್ಟಿದರು.

ಊರಾಚೆ, ಹೊಲಗಳ ನಡುವೆ ಟೆಂಪೋ ನಿಂತಿತ್ತು. ಬೀಗರ ಮನೆಗೆ ಹೊರಟ ಅಷ್ಟೊಂದು ಹೆಂಗಸರಿದ್ದೂ ಒಳಗೆ ಪಿಟ್ಟೆಂಬ ಸದ್ದಿಲ್ಲ. ಎಲ್ಲರೂ ಕಾಲು ಮೇಲೆ ಎಳೆದುಕೊಂಡು, ಟೆಂಪೋದ ತಳವನ್ನೇ ದಿಟ್ಟಿಸುತ್ತಿದ್ದರು.

"ತೆಳಗ ಯಾರೋ ಅದಾರ್ರಿ," ಅಂಬವ್ವ ಪಿಸುಗುಟ್ಟಿದಳು. "ಒಳಗ ಬಿಡ್ರಿ ಅಂತ ಬಡಿಯಾಕತ್ತಿದ್ರು."

ಖಾಸಿಂಸಾಬರು ಬಗ್ಗಿದರು. ನಟ್ಟಿಗೆ ಪಾನಾ ಇನ್ನೂ ಜೋತುಬಿದ್ದಿತ್ತು. ಕೆಳಗಿನ ಮಣ್ಣು ಬ್ರೇಕಿನ ಎಣ್ಣೆ ಕುಡಿದು ಕಪ್ಪಾಗಿತ್ತು. ಸ್ವಲ್ಪ ಮುಂದೆ, ಹಳ್ಳಕ್ಕಿಳಿಯುವ ಇಳಿಜಾರು. ಬಡಿತಕ್ಕೆ ಅಂಜಿ ನಿಲ್ಲಿಸದಿದ್ದರೆ ಅಲ್ಲಿ ನಿಲ್ಲಿಸಲು ಬ್ರೇಕೇ ಇರುತ್ತಿರಲಿಲ್ಲ. ಅವರು ಪಾನಾ ಹಿಡಿದು ನಟ್ಟು ಬಿಗಿಯತೊಡಗಿದರು.

ಕುಬೇರಪ್ಪ ಸ್ಟೇರಿಂಗಿನ ಅರಿವೆ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಇಳಿದ. "ಖರೆ ಹೇಳ್ರಿ ಸಾಬರ, ನಮ್ಮನ್ನ ಉಳಿಸಿದ್ದು ಇದ ಹೌದಲ್ರಿ? ಯಾವ ದರ್ಗಾದ್ದಿದು?"

"ನಮ್ಮಾಕಿ ಹರಕ ಲಂಗದ್ದೋ. ಬಾಯಿ ಮುಚ್ಚಿ ಇತ್ತ ಕೊಡು, ಕೆಲಸ ಅರ್ಧ ಐತಿ."