ಹಿತ್ತಲ ನೀಲಿ ಡ್ರಮ್ಮು

ಥೂ, ಆ ಡ್ರಮ್ಮಿನ ನೆನಪಾದರೆ ಇವತ್ತಿಗೂ ಸೆರಗು ಮೂಗಿಗೆ ಹೋಗುತ್ತದೆ. ನೀಲಿ ಬಣ್ಣದ್ದು, ನನ್ನ ಎದೆಯೆತ್ತರದ್ದು, ತಿರುಗಿಸಿ ಬಿಗಿಯುವ ಕರಿ ಮುಚ್ಚಳದ್ದು. ನೆಲಮಂಗಲದ ನಮ್ಮ ಮನೆಯ ಹಿತ್ತಲಲ್ಲಿ ಅದು ಬಂದು ಕೂತ ಮೇಲೆ ನಮ್ಮತ್ತೆ ಮುದ್ದೆ ಕಟ್ಟುವುದನ್ನು ಬಿಟ್ಟರು. ಬಿಟ್ಟರು ಅಂತ ಮೆತ್ತಗೆ ಹೇಳುತ್ತಿದ್ದೇನೆ. ಬಿಡಿಸಿದವಳು ನಾನು.

ತೊಂಬತ್ತರ ದಶಕ ಶುರುವಾಗಿ ಮೂರೋ ನಾಲ್ಕೋ ವರ್ಷ ಆಗಿತ್ತು. ನಮ್ಮ ಯಜಮಾನರಿಗೆ ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಮಾವ ತೀರಿಕೊಂಡು, ಎಮ್ಮೆಯನ್ನೂ ಮಾರಿದ ಮೇಲೆ ಅತ್ತೆ ತ್ಯಾಮಗೊಂಡ್ಲು ಕಡೆಯ ಊರಿನಿಂದ ನಮ್ಮ ಜೊತೆ ಇರಲು ಬಂದರು. ಬಂದ ದಿನ ಊಟವಾದ ಮೇಲೆ ಪಾತ್ರೆ ತೊಳೆದ ಮೊದಲ ನೀರನ್ನು ಒಂದು ಬೋಗುಣಿಯಲ್ಲಿ ಹಿಡಿದುಕೊಂಡು ನಿಂತರು. ಅನ್ನದ ಅಗುಳು, ಸಾರಿನ ಗಸಿ, ಅಕ್ಕಿ ತೊಳೆದ ನೀರು ಎಲ್ಲ ಅದರಲ್ಲೇ.

"ಕಲಗಚ್ಚು ಎಲ್ಲಿಗುಯ್ಯದವ್ವಾ?" ಅಂದರು.

"ಮೋರಿಗೆ ಸುರೀರಿ ಅತ್ತೆ."

ಅವರು ಬೋಗುಣಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ಹೋಗಿ ಮೋರಿಗೆ ಸುರಿದರು. ನಲವತ್ತು ವರ್ಷ ಕಲಗಚ್ಚನ್ನು ಎಮ್ಮೆಗೆ ಕುಡಿಸಿದ ಹೆಂಗಸಿಗೆ ಅದನ್ನು ಮೋರಿಗೆ ಸುರಿ ಅಂದವಳು ನಾನು. ಅದು ತಪ್ಪು ಅಂತ ಆಗ ನನಗೆ ಅನ್ನಿಸಲೂ ಇಲ್ಲ.

ಪೇಟೆಮನೆಯಲ್ಲಿ ಅವರಿಗೆ ಕೆಲಸವೇ ಇರಲಿಲ್ಲ. ಗ್ಯಾಸ್ ಹಚ್ಚಲು ಭಯ. ಪೊರಕೆ ಹಿಡಿದರೆ, ಸೊಸೆ ಕೂತು ಅತ್ತೆಯ ಕೈಯಲ್ಲಿ ಕಸ ಹೊಡೆಸುತ್ತಾಳೆ ಅಂತ ಬೀದಿಯವರು ಆಡಿಕೊಂಡಾರೆಂದು ನಾನೇ ಕಿತ್ತುಕೊಳ್ಳುತ್ತಿದ್ದೆ. ಕೊನೆಗೆ ಅವರ ಪಾಲಿಗೆ ಉಳಿದದ್ದು ಮುದ್ದೆ ಒಂದೇ. ಎಸರು ಕುದಿಯುವಾಗ ನಾನು ಕರೆಯುತ್ತಿದ್ದೆ. ಅವರು ಬಂದು ರಾಗಿಹಿಟ್ಟು ಸುರಿದು, ಕೋಲಿನಿಂದ ತೊಳಸಿ, ಮಣೆಯ ಮೇಲೆ ಹಾಕಿಕೊಂಡು ಒದ್ದೆ ಕೈಯಲ್ಲಿ ಕಟ್ಟುತ್ತಿದ್ದರು. ಒಂದು ಗಂಟು ಇರುತ್ತಿರಲಿಲ್ಲ. ಕೈಯಲ್ಲಿ ಹಿಡಿದರೆ ನುಣ್ಣಗೆ ಜಾರಬೇಕು, ಹಂಗೆ. ದಿನದಲ್ಲಿ ಆ ಅರ್ಧ ಗಂಟೆ ಮಾತ್ರ ಅವರು ನನಗೆ ಗದರುತ್ತಿದ್ದರು. "ಏಯ್, ಉರಿ ತಗ್ಗಿಸೇ! ತಳ ಹತ್ತತದೆ!" ಉಳಿದ ಹೊತ್ತು ಬಾಗಿಲ ಬಳಿ ನೆಂಟರಂತೆ ಕೂತಿರುತ್ತಿದ್ದರು.

ಆ ವರ್ಷ ನಮ್ಮ ಯಜಮಾನರಿಗೆ ಗೊಬ್ಬರದ ಹುಚ್ಚು ಹತ್ತಿತು. ರೇಡಿಯೋದ ಕೃಷಿ ಕಾರ್ಯಕ್ರಮದಲ್ಲಿ ಯಾರೋ ಮನೆಯ ಕಸದಿಂದಲೇ ಗೊಬ್ಬರ ಮಾಡಬಹುದು ಅಂದರಂತೆ. ಹಿತ್ತಲಲ್ಲಿ ಇದ್ದದ್ದು ಒಂದು ಸೀಬೆ ಗಿಡ, ಒಂದು ಕರಿಬೇವು. ಅವೆರಡಕ್ಕೆ ಈ ಸಂಭ್ರಮ! ಮೊದಲು ಗುಂಡಿ ತೋಡುವ ಮಾತು ಬಂತು. ಪಾಯಕ್ಕೆ ನೀರಿಳಿಯುತ್ತದೆ ಅಂತ ಮನೆ ಓನರು ಬೇಡವೆಂದರು. ಆಮೇಲೆ ಸಿಮೆಂಟ್ ರಿಂಗು. ಕಕ್ಕಸು ಗುಂಡಿಗೆ ಇಳಿಸುವ ರಿಂಗನ್ನು ಅಡುಗೆಮನೆಯ ಕಿಟಕಿ ಎದುರು ಇಟ್ಟರೆ ನಾನು ತವರಿಗೆ ಹೊರಡುತ್ತೇನೆ ಅಂದೆ. ಕೊನೆಗೆ ಕಾರ್ಖಾನೆಯಲ್ಲಿ ಖಾಲಿಯಾದ ಒಂದು ಡ್ರಮ್ಮನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದೇಬಿಟ್ಟರು. ಏನೋ ಅಂಟು ತುಂಬಿದ್ದ ಡ್ರಮ್ಮಂತೆ. ಸೋಪಿನ ಪುಡಿ ಹಾಕಿ ಮೂರು ಸಲ ಉಜ್ಜಿದರೂ ಮೂಗಿಗೆ ಹೊಡೆಯುತ್ತಿತ್ತು.

"ಮುಚ್ಚಳ ನೋಡೇ, ಎಷ್ಟು ಬಿಗಿ! ಒಂದು ಚೂರು ವಾಸ್ನೆ ಆಚೆ ಬರಲ್ಲ," ಅಂದರು.

"ತಳಕ್ಕೆ ತೂತು ಹಾಕ್ಬೇಕಲ್ವೇನ್ರೀ? ನೀರು ಎಲ್ಲಿಗೆ ಹೋಗುತ್ತೆ?"

"ತೂತಾ? ನಿಂಗೇನು ತಲೆ ಕೆಟ್ಟಿದ್ಯಾ? ಇಂಥ ಡ್ರಮ್ಮು ಮತ್ತೆ ಸಿಗುತ್ತಾ? ನಾಳೆ ಬೇಸಿಗೇಲಿ ನೀರು ತುಂಬ್ಕೋಬಹುದು."

ನಮ್ಮ ಬೀದಿಯಲ್ಲಿ ನಲ್ಲಿ ನೀರು ಬರುತ್ತಿದ್ದುದು ಎರಡು ದಿನಕ್ಕೊಮ್ಮೆ. ಅಂಥ ಊರಿನಲ್ಲಿ ಒಳ್ಳೇ ಡ್ರಮ್ಮಿಗೆ ತೂತು ಹಾಕುವುದೆಂದರೆ ಯಾರಿಗೂ ಕೈ ಬರುತ್ತಿರಲಿಲ್ಲ. ಕೊಳೆತದ್ದನ್ನು ತುಂಬಿದ ಡ್ರಮ್ಮಿನಲ್ಲಿ ಆಮೇಲೆ ನೀರು ತುಂಬುತ್ತೀರಾ ಎಂದು ನಾನೂ ಕೇಳಲಿಲ್ಲ. ನನ್ನ ಬುದ್ಧಿಗೂ ಮಣ್ಣು ಬಿದ್ದಿತ್ತು.

ದಿನಾ ತರಕಾರಿ ಸಿಪ್ಪೆ, ಮೊಟ್ಟೆ ಚಿಪ್ಪು, ಟೀ ಚರಟ ಹಾಕತೊಡಗಿದೆ. ಎರಡನೇ ವಾರಕ್ಕೇ ಮುಚ್ಚಳ ತೆಗೆಯುವಾಗ ಉಸಿರು ಕಟ್ಟಬೇಕಾಯಿತು. ನಾಲ್ಕನೇ ವಾರಕ್ಕೆ ಮುಖ ಅತ್ತ ತಿರುಗಿಸಿ ಎಸೆದು ಓಡಿ ಬರುತ್ತಿದ್ದೆ. ಒಳಗೆ ಬಿದ್ದದ್ದು ಪುಳಕ್ ಅಂತ ಸದ್ದು ಮಾಡುತ್ತಿತ್ತು. ಒಳಗೆ ನೋಡಿದವಳೇ ಅಲ್ಲ. ವಾಸನೆ ಎಂದರೆ ಎಂಥ ವಾಸನೆ ಅಂತೀರಿ! ಹಳಸಿದ ಅನ್ನ, ಹುಳಿತ ಹಿಟ್ಟು, ಸತ್ತ ಇಲಿ, ಅದರ ಜೊತೆ ಆ ಹಾಳು ಅಂಟು. ಬಟ್ಟೆ ಒಣಗಿಸಿದರೆ ಬಟ್ಟೆಗೆ ಅದೇ ವಾಸನೆ. ಹೂ ಮುಡಿದರೆ ಹೂವಿಗೂ ಅದೇ. ಊಟಕ್ಕೆ ಕೂತರೆ ತುತ್ತಿನ ಮೇಲೆ ದಪ್ಪ ನೊಣ. ಬಸುರಿಯಾಗಿದ್ದರೆ ವಾಂತಿಗಾದರೂ ಒಂದು ನೆಪ ಇರುತ್ತಿತ್ತು, ನನಗೆ ಅದೂ ಇರಲಿಲ್ಲ.

ಪಕ್ಕದ ಮನೆಯಾಕೆ ಒಂದು ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಇಣುಕಿ, ಸೆರಗನ್ನು ಮೂಗಿಗೆ ಒತ್ತಿಕೊಂಡೇ ಕೇಳಿದರು. "ಏನ್ರೀ, ನಿಮ್ಮನೇಲಿ ಏನಾದ್ರೂ ಸತ್ತಿದೆಯೇನ್ರೀ?" ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಕಿಟಕಿ ಬಡಿದುಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಯಜಮಾನರನ್ನು ಕೇಳಿದರೆ, "ಕೊಳೀತಿದೆ ಅಂದ್ರೆ ಗೊಬ್ಬರ ಆಗ್ತಿದೆ ಅಂತ ಅರ್ಥ," ಅಂದು ಬಸ್ಸಿಗೆ ಓಡಿದರು.

ಅದೇ ದಿನ ಮಧ್ಯಾಹ್ನ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಅತ್ತೆ ಡ್ರಮ್ಮಿನ ಬಳಿ ನಿಂತಿದ್ದರು. ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಅದೇ ಬೋಗುಣಿ. ಬೋಗುಣಿ ತುಂಬ ಕಲಗಚ್ಚು. ಒಂದು ತೊಟ್ಟೂ ಆಚೆ ಚೆಲ್ಲದಂತೆ ಸುರಿದರು.

"ಅತ್ತೇ! ಏನ್ ಮಾಡ್ತಿದ್ದೀರಿ?"

"ಕಲಗಚ್ಚು ಕಣವ್ವ. ಬಾನಿ ತುಂಬ್ತಾ ಬಂತು. ನನ್ ಮಗ ಯಾರ್ಗೆ ಯೋಳವ್ನೋ ಏನೋ, ಒಯ್ಯಕ್ಕೆ ಇನ್ನೂ ಯಾರೂ ಬರ್ನಿಲ್ಲ. ಹುಳಿತೋದ್ರೆ ದನ ಮೂಸಾಕಿಲ್ಲ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಊರಲ್ಲಿ ಹಿತ್ತಲ ಬಾಗಿಲ ಪಕ್ಕದಲ್ಲಿ ಕಲಗಚ್ಚಿನ ಬಾನಿ ಇರುತ್ತದೆ. ಮನೆಯವರೆಲ್ಲ ಅದಕ್ಕೇ ಸುರಿಯುತ್ತಾರೆ, ಸಂಜೆ ಎಮ್ಮೆಗೆ ಇಡುತ್ತಾರೆ. ನಮ್ಮ ಹಿತ್ತಲ ಬಾಗಿಲ ಪಕ್ಕದಲ್ಲೂ ಒಂದು ತೂತಿಲ್ಲದ ಬಾನಿ ಬಂದು ಕೂತಿತ್ತು. ಸೊಸೆ ದಿನಾ ಅದಕ್ಕೆ ಸಿಪ್ಪೆ ಹಾಕುತ್ತಿದ್ದಳು. ಸಿಪ್ಪೆಯೂ ಎಮ್ಮೆಯ ಪಾಲೇ ತಾನೇ? ಮಗ ತನಗಾಗಿಯೇ ಬಾನಿ ತಂದಿದ್ದಾನೆ, ಎಮ್ಮೆ ಇರುವ ಯಾರೋ ಬಂದು ಒಯ್ಯುತ್ತಾರೆ ಅಂತ ಆ ಜೀವ ನಂಬಿತ್ತು. ಎರಡು ತಿಂಗಳಿಂದ ಸಂಜೆಯಾದರೆ ಅವರು ಯಾಕೆ ಗೇಟಿನ ಕಡೆ ನೋಡುತ್ತಾ ಕೂರುತ್ತಿದ್ದರೆಂದು ನನಗೆ ಆಗ ತಿಳಿಯಿತು.

ತಿಳಿದು ಕರಗಿದೆನಾ? ಇಲ್ಲ. ಮೈಯೆಲ್ಲ ಉರಿದುಹೋಯಿತು. "ಅದು ಗೊಬ್ಬರದ ಡ್ರಮ್ಮು ಅತ್ತೆ, ಗೊಬ್ಬರದ್ದು! ಬೀದಿಯೆಲ್ಲ ನಮಗೆ ಉಗೀತಿರೋದು ಇದಕ್ಕೇನಾ?"

"ಗೊಬ್ರನಾ?" ಅತ್ತೆ ಡ್ರಮ್ಮನ್ನು ಮೇಲಿಂದ ಕೆಳಗೆ ನೋಡಿದರು. "ಉಸ್ರೇ ಆಡ್ದೆ ಅದೆಂಗವ್ವ ಗೊಬ್ರ ಆಯ್ತದೆ? ನಂಗ್ಯಾರು ಯೋಳುದ್ರಿ?"

ಯಾರೂ ಹೇಳಿರಲಿಲ್ಲ, ನಿಜ. ಹೊಲಕ್ಕೆಲ್ಲ ತಾವೇ ತಿಪ್ಪೆ ಗೊಬ್ಬರ ಹೊತ್ತವರನ್ನು ಮನೆಯಲ್ಲೇ ಇಟ್ಟುಕೊಂಡು ನಮ್ಮ ಯಜಮಾನರು ರೇಡಿಯೋ ಕೇಳಿದ್ದರು.

ಮಾರನೇ ಬೆಳಿಗ್ಗೆ ಡ್ರಮ್ಮು ಖಾಲಿ ಮಾಡುವ ಪ್ರಶ್ನೆ ಬಂತು. ಯಜಮಾನರು ಮುಚ್ಚಳ ತೆಗೆದು, ಹಣೆ ಹಿಡಿದುಕೊಂಡು, ಶಿಫ್ಟಿಗೆ ಹೊತ್ತಾಯಿತು ಎಂದರು. ನಾನು ಬಾಗಿಲು ಬಿಟ್ಟು ಆಚೆ ಬರಲಿಲ್ಲ. ಅತ್ತೆ ಸೀರೆ ಎತ್ತಿ ಸಿಕ್ಕಿಸಿ, ಒಂದು ತೆಂಗಿನ ಕರಟ ಹಿಡಿದು ಇಳಿದರು. ಮೇಲೆ ಬೂದುಬಣ್ಣದ ನೊರೆ, ಕೈ ಹಾಕಿದರೆ ಒಡೆಯುವ ಗುಳ್ಳೆ. ಅದರ ಕೆಳಗೆ ಗಂಜಿಯಂಥ ನೀರು, ನೀರಿನ ತುಂಬ ಬಾಲದ ಬಿಳಿ ಹುಳ. ಅದಕ್ಕೂ ಕೆಳಗೆ ಕಪ್ಪು ಲೋಳೆ, ಸೌತೆಕಾಯಿ ಯಾವುದೋ ಬದನೆಕಾಯಿ ಯಾವುದೋ ಗೊತ್ತಾಗದ ಲೋಳೆ. ಕರಟಕ್ಕೆ ಬಾರದ್ದನ್ನು ಡ್ರಮ್ಮು ವಾಲಿಸಿ ಕೈಯಲ್ಲೇ ಬಾಚಿದರು, ಮೊಣಕೈಯವರೆಗೂ. ನೀರನ್ನು ಸೀಬೆ ಗಿಡದ ಆಚೆ ಸುರಿದು ಮಣ್ಣು ಎಳೆದರು. ನಾನು ಬಚ್ಚಲಿಗೆ ಓಡಿ ಎರಡು ಸಲ ವಾಂತಿ ಮಾಡಿಕೊಂಡೆ.

ಎಲ್ಲ ತೆಗೆದ ಮೇಲೆ ಮಗನನ್ನು ಕರೆದರು. "ಲೋ, ಕಂಬಿ ಕಾಯ್ಸಿ ತೂತು ಹಾಕ್ಲಾ ಇದ್ಕೆ. ತಳಕ್ಕೂ ಹಾಕು, ಪಕ್ಕಕ್ಕೂ ಹಾಕು." ಅವ್ವ ಹಾಗೆ ಮಾತಾಡಿದರೆ ಯಜಮಾನರಿಗೆ ಶಿಫ್ಟೂ ಇಲ್ಲ, ಬೇಸಿಗೆಯ ನೀರೂ ಇಲ್ಲ. ಅಳುಮುಖ ಮಾಡಿಕೊಂಡು ಇಪ್ಪತ್ತು ತೂತು ಹಾಕಿದರು. ಅತ್ತೆ ತಳಕ್ಕೆ ತೆಂಗಿನ ಗುಂಜು, ಅದರ ಮೇಲೆ ಒಣ ಎಲೆ, ಸಗಣಿ, ಕೊಳೆತದ್ದು ಸ್ವಲ್ಪ, ಮಣ್ಣು, ನೀರೊಲೆಯ ಬೂದಿ ಅಂತ ಒಂದರ ಮೇಲೊಂದು ಹಾಸಿದರು. ಮುಚ್ಚಳವನ್ನು ಬಿಗಿಯದೆ ಸುಮ್ಮನೆ ಮೇಲಿಟ್ಟರು. ಆ ಒಂದು ಬೆಳಿಗ್ಗೆ ಅವರು ನಮ್ಮ ಮನೆಯಲ್ಲಿ ನೆಂಟರಾಗಿರಲಿಲ್ಲ.

ಆಮೇಲೆ ಬೂದಿ ಹಾಕಿ ಕೈ ಉಜ್ಜಿದರು. ಸೀಗೆಪುಡಿ ಹಾಕಿ ಉಜ್ಜಿದರು. ಹುಣಸೆಹಣ್ಣು ಹಾಕಿ ಉಜ್ಜಿದರು. ತಲೆಗೆ ನೀರು ಹಾಕಿಕೊಂಡು, ಬೇರೆ ಸೀರೆ ಉಟ್ಟು, ನಾನು ಕರೆಯುವ ಮೊದಲೇ ಅಡುಗೆಮನೆಗೆ ಬಂದರು. ಎಸರು ಕುದಿಯುತ್ತಿತ್ತು. ಹಿಟ್ಟಿನ ಡಬ್ಬಕ್ಕೆ ಕೈ ನೀಡಿದರು. ನನ್ನ ಕಣ್ಣು ಅವರ ಉಗುರಿನ ಸಂದಿಗೆ ಹೋಯಿತು. ಅಲ್ಲಿ ಒಂದು ಕಪ್ಪು ಗೆರೆ ಇತ್ತು, ನಾಲ್ಕು ದಶಕ ಹೊಲ ಕೊಟ್ಟಿಗೆ ಮಾಡಿದ ಉಗುರಲ್ಲಿ ಯಾವಾಗಲೂ ಇರುತ್ತಿದ್ದ ಗೆರೆ. ಆದರೆ ನನಗೆ ಕಂಡದ್ದು ಆ ಲೋಳೆ, ಆ ಬಾಲದ ಹುಳ.

"ಬೇಡ ಅತ್ತೆ. ಇವತ್ತಿಂದ ಮುದ್ದೆ ನಾನೇ ಕಟ್ತೀನಿ. ಆ ಕೈಲಿ ಕಟ್ಟಿದ್ರೆ ನಂಗೆ ತುತ್ತು ಇಳಿಯಲ್ಲ."

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಸೆರಗಿಗೆ ಒರೆಸಿಕೊಂಡರು. "ಹೂಂ ಕಣವ್ವ," ಅಂದು ಹೋಗಿ ಬಾಗಿಲ ಬಳಿ ಕೂತರು.

ಅವತ್ತಿನಿಂದ ಮುದ್ದೆ ನನ್ನದಾಯಿತು. ಅದು ಮುದ್ದೆಯಲ್ಲ, ಗಂಟಿನ ಮೂಟೆ. ಮುರಿದರೆ ಒಳಗೆ ಒಣ ಹಿಟ್ಟು. ಯಜಮಾನರು, "ಅವ್ವ, ನೀನ್ಯಾಕೆ ಹಿಟ್ಟು ತೊಳಸ್ತಿಲ್ಲ?" ಅಂತ ಕೇಳಿದರೆ ಅತ್ತೆ, "ತೋಳು ನೋಯ್ತದೆ ಕಣ್ಲಾ," ಅಂದುಬಿಟ್ಟರು. ನನ್ನ ಮಾನ ಅವರೇ ಕಾಯ್ದರು. ಗಂಟುಗಳ ಸಮೇತ ನುಂಗಿ, ತಟ್ಟೆಯಲ್ಲಿ ಒಂದಗುಳೂ ಬಿಡದೆ, ತಟ್ಟೆಗೆ ನೀರು ಹಾಕಿ ಅದನ್ನೂ ಕುಡಿದು ಏಳುತ್ತಿದ್ದರು. ಅವರ ತಟ್ಟೆಯಲ್ಲಿ ಕಲಗಚ್ಚಾಗಲು ಏನೂ ಉಳಿಯುತ್ತಿರಲಿಲ್ಲ.

ಡ್ರಮ್ಮು ಮಾತ್ರ ಅವರದಾಯಿತು. ವಾರ ಕಳೆಯುವುದರೊಳಗೆ ವಾಸನೆ ಹೋಯಿತು, ನೊಣ ಹೋದವು. ದೀಪಾವಳಿಯ ಹೊತ್ತಿಗೆ ಎಲ್ಲ ಕುಸಿದು ಅರ್ಧಕ್ಕಿಳಿದಿತ್ತು. ಹಬ್ಬದ ದಿನ ಊರಲ್ಲಿ ತಿಪ್ಪೆಗೆ ಪೂಜೆ ಮಾಡುವಂತೆ ಅತ್ತೆ ಡ್ರಮ್ಮಿಗೆ ಚೆಂಡುಹೂವು ಮುಡಿಸಿ, ಸಗಣಿ ಉಂಡೆಗೆ ಹುಚ್ಚೆಳ್ಳು ಹೂ ಸಿಕ್ಕಿಸಿ, ಒಂದು ದೀಪ ಹಚ್ಚಿಟ್ಟರು. ಕಿಟಕಿ ಬಡಿದುಕೊಂಡಿದ್ದ ಪಕ್ಕದ ಮನೆಯಾಕೆ ಈಗ ಕಾಂಪೌಂಡಿನ ಮೇಲಿಂದ ಹಲ್ಲು ಕಿರಿಯುತ್ತಾ, "ನಮ್ ಗುಲಾಬಿ ಗಿಡಕ್ಕೂ ಒಂದು ಪುಟ್ಟಿ ಕೊಡಿ ಅಜ್ಜಿ," ಅಂದರು. ಥೂ, ನಾಚಿಕೆ ಇಲ್ಲದವಳು ಅಂದುಕೊಂಡೆ. ಅವರು ಕಿಟಕಿ ಮುಚ್ಚಿದ್ದರು, ಅಷ್ಟೇ. ಅತ್ತೆಗೆ ಬಾಯಿಬಿಟ್ಟು ಅಂದವಳು ನಾನು.

ಅತ್ತೆ ಪುಟ್ಟಿಗೆ ತುಂಬುವಾಗ ನಾನೂ ಹೋಗಿ ಒಂದು ಹಿಡಿ ಎತ್ತಿದೆ. ಕಪ್ಪಗೆ, ಪುಡಿಪುಡಿ. ಮೂಸಿದೆ. ಹೊಸ ಮಡಕೆಯ ವಾಸನೆ, ಮತ್ತೇನೂ ಇಲ್ಲ. ನನ್ನ ಉಗುರಿನ ಸಂದಿಯಲ್ಲೂ ಕಪ್ಪು ಗೆರೆ ಕೂತಿತು. ಅದೇ ಕೈ ತೊಳೆದುಕೊಂಡು ಬಂದು ಅಡುಗೆ ಮಾಡಿದೆ. ನನ್ನ ಕೈ ನನಗೆ ಹೇಸಿಗೆ ಅನ್ನಿಸಲಿಲ್ಲ. ಅದು ಹೊಳೆದಾಗ ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೇ ನನಗೆ ಅಸಹ್ಯವಾಯಿತು. ಎಸರು ಕುದಿಯತೊಡಗಿತು. ಆರು ತಿಂಗಳ ಮೇಲೆ ಮೊದಲ ಸಲ ಬಾಗಿಲ ಕಡೆ ತಿರುಗಿ ಕರೆದೆ.

"ಅತ್ತೆ, ಬನ್ನಿ. ಹಿಟ್ಟು ತೊಳಸಿಕೊಡಿ. ನಂಗೆ ಬರಲ್ಲ."

ಅತ್ತೆ ಎದ್ದು ಬಂದರು. ಒಲೆಯ ಬಳಿ ನಿಂತು, ಬಲಗೈಯನ್ನು ಮೂಗಿನ ಹತ್ತಿರ ತಂದು ಮೂಸಿಕೊಂಡರು.

"ಇನ್ನೂ ಐತೆ ಕಣವ್ವ."

"ಇಲ್ಲ ಅತ್ತೆ, ಏನೂ ಇಲ್ಲ." ನಾನೇ ಅವರ ಕೈ ಹಿಡಿದು ಮೂಸಿದೆ. ಸೋಪು, ಬೂದಿ, ಅಷ್ಟೇ. "ಅವತ್ತು ಅಂದಿದ್ದು ತಪ್ಪಾಯ್ತು."

ಅವರಿಗೆ ಸಿಟ್ಟೇನೂ ಇರಲಿಲ್ಲ. ಅದೇ ನನ್ನನ್ನು ಕೊಂದದ್ದು. ಮೆಲ್ಲಗೆ ಕೈ ಬಿಡಿಸಿಕೊಂಡು ಹಿಟ್ಟಿನ ಕೋಲನ್ನು ನನ್ನ ಕಡೆ ಸರಿಸಿದರು.

"ನಿಂಗೆ ಗೊತ್ತಾಗಾಕಿಲ್ಲ ಕಣವ್ವ, ನಂಗೆ ಗೊತ್ತಾಯ್ತದೆ. ಹಬ್ಬದ ದಿನ ನೀನು ಉಣ್ದೆ ಏಳ್ಬಾರ್ದು. ನೀನೇ ಕಟ್ಟು."

ನಾನೇ ಕಟ್ಟಿದೆ. ಗಂಟಾಯಿತು. ಅತ್ತೆ ಗಂಟನ್ನೂ ಬಿಡದೆ ಪೂರ್ತಿ ಉಂಡು, ತಟ್ಟೆಗೆ ನೀರು ಹಾಕಿ ಕುಡಿದು ಎದ್ದರು.