ಗೌರತ್ತೆ ಒತ್ತೆ ಇಟ್ಟುಕೊಂಡ ವಿಲಾಯತಿ ಬೂಟು

ನಮ್ಮ ಗೌರತ್ತೆ ಯಾರನ್ನೂ ನಂಬುತ್ತಿರಲಿಲ್ಲ. ಹಾಲು ತಂದವಳ ಎದುರಿಗೇ ಉಗುರಿನ ಮೇಲೆ ಒಂದು ಹನಿ ನಿಲ್ಲಿಸಿ, ಅದು ಜಾರುತ್ತದೋ ಇಲ್ಲವೋ ಎಂದು ನೋಡುತ್ತಿದ್ದಳು. ಬಟ್ಟೆ ಕೊಳ್ಳುವಾಗ ಎಳೆ ಕಿತ್ತು ಕಡ್ಡಿ ಗೀರಿ ಸುಡುತ್ತಿದ್ದಳು. ಅವಳು ಮೆಟ್ಟಿಲು ಹತ್ತುವುದನ್ನು ಕಂಡರೆ ಆಳಂದದ ಅಂಗಡಿಯವರು ಕಡ್ಡಿಪೆಟ್ಟಿಗೆ ಬಚ್ಚಿಡುತ್ತಿದ್ದರು. ನನ್ನಪ್ಪ ದೌಲತರಾಯನ ಅಕ್ಕ ಅವಳು. ಅಫಜಲಪುರದ ಕಡೆ ಕರಜಗಿಗೆ ಮದುವೆಯಾಗಿ ಹೋದವಳು ವರ್ಷ ತುಂಬುವ ಮೊದಲೇ ಕಿಣ್ಣಿ ಸುಲ್ತಾನದ ನಮ್ಮ ಮನೆಗೆ ತಿರುಗಿ ಬಂದಿದ್ದಳು. ನನ್ನ ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳೂ ಅವಳೇ. ಅಂದ ಮೇಲೆ ನನ್ನ ಮದುವೆಯೂ ಅವಳ ಸಂಶಯದ ಜರಡಿಯಿಂದಲೇ ಇಳಿಯಬೇಕಿತ್ತು.

ಎಂಬತ್ತಾರನೇ ಇಸವಿಯಲ್ಲಿ ನನಗೆ ಗಂಡು ನೋಡಲು ಶುರುಮಾಡಿದರು. ಗಂಡಿನ ಕಡೆಯವರು ಬಂದಾಗ ಮನೆಮಂದಿಯೆಲ್ಲ ಉಪ್ಪಿಟ್ಟು, ಚಹಾ ಎಂದು ಓಡಾಡುತ್ತಿದ್ದರೆ ಅತ್ತೆ ಮಾತ್ರ ಹೊಸ್ತಿಲಾಚೆ ಬಿಟ್ಟ ಪಾದರಕ್ಷೆಗಳ ಪಕ್ಕ ಕೂಡುತ್ತಿದ್ದಳು. ಹುಡುಗನ ಬೂಟಿನೊಳಗೆ ಕೈ ಹಾಕಿ, ಒಳಗೆ ಮೂಡಿದ ಬೆರಳಿನ ಗುರುತುಗಳನ್ನು ತಡವುತ್ತಿದ್ದಳು. ಅಫಜಲಪುರದಿಂದ ಬಂದ ಒಬ್ಬನನ್ನು ಹಾಗೇ ವಾಪಸು ಕಳಿಸಿದಳು. “ಬೂಟಿನಾಗಿನ ಹೆಬ್ಬೆರಳು ಇವನದಲ್ಲ,” ಅಂದಳು. ವಿಚಾರಿಸಿದರೆ ಅದು ಅವನ ಭಾವನ ಬೂಟು! ಆ ಹುಡುಗನ ಮುಖ ನನಗೂ ಸೇರಿರಲಿಲ್ಲ, ಹೀಗಾಗಿ ಅವತ್ತು ಅತ್ತೆಗೆ ಧಾರಾಳವಾಗಿ ತುಪ್ಪ ಬಡಿಸಿದೆ.

ಅವನ ನಂತರ ಬಂದವನು ಜೇವರ್ಗಿಯ ದೇವೀಂದ್ರಪ್ಪ. ದನದ ದವಾಖಾನೆಯಲ್ಲಿ ಹೊಸದಾಗಿ ಕಂಪೌಂಡರ್ ಕೆಲಸ ಸಿಕ್ಕಿತ್ತು. ತನ್ನ ಅಪ್ಪನಿಗೆ ಮೊಣಕಾಲು ನೋವೆಂದು ಕಾಕನನ್ನು ಕರೆದುಕೊಂಡು ಬಂದಿದ್ದ. ಸುತ್ತು ಬಳಸದೆ ಹೇಳುತ್ತೇನೆ, ನಾನು ಚಹಾ ಕೊಡುವಾಗಲೇ ಅವನು ನನಗೆ ಸೇರಿದ. ಕಪ್ಪು ತೆಗೆದುಕೊಂಡು, “ನೀವೂ ಕುಡೀರಿ,” ಅಂದಿದ್ದ. ಹಾಗೆ ಅಂದವನು ಅವನೊಬ್ಬನೇ.

ಅಷ್ಟರಲ್ಲಿ ಹೊರಗಿನಿಂದ ಅತ್ತೆಯ ದನಿ ಬಂತು. “ದೌಲತ್, ಈ ಬೂಟು ಸುಳ್ಳು ಹೇಳಾಕತ್ತದ!”

ಕಂದು ಬಣ್ಣದ ಹೊಸ ಬೂಟು. ಒಳಗೆ ಬೆರಳಿನ ಗುರುತು ಇನ್ನೂ ಮೂಡಿರಲಿಲ್ಲ. ಅತ್ತೆ ನನ್ನಿಂದ ಅದರ ಮೇಲಿನ ಅಕ್ಷರ ಓದಿಸಿದಳು. ಹೊರಗೆ ಯಾವುದೋ ಜರ್ಮನಿಯ ಹೆಸರು, ಒಳಗೆ ಭಾರತದಲ್ಲಿ ತಯಾರಾದದ್ದು ಎಂಬ ಬರಹ.

“ಹೆಸರು ವಿಲಾಯತಿ, ಹುಟ್ಟಿದ್ದು ಇಲ್ಲಿ. ಎರಡರಾಗ ಒಂದು ಖೊಟ್ಟಿ,” ಅಂದಳು ಅತ್ತೆ.

ದೇವೀಂದ್ರಪ್ಪ ಹೊಸ್ತಿಲಿಗೆ ಬಂದ. “ಎರಡೂ ಖರೇನ ಅದಾವ್ರಿ. ಕಂಪನಿ ಜರ್ಮನಿದು, ಬೂಟು ಮಾಡೂದು ಆಗ್ರಾದಾಗ. ಬಂಬೈದಿಂದ ಬಂದ ಫಾರಿನ್ ಮಾಲೂ ಅಂಗಡ್ಯಾಗ ಇತ್ತು. ನಾನೇ ಬ್ಯಾಡಂದೆ. ಇದರ ತಳ ಸವದ್ರ ಕಲಬುರ್ಗ್ಯಾಗ ಇಂಥದೇ ತಳ ಸಿಗ್ತದ. ಅದರದು ಸವದ್ರ ಜರ್ಮನಿಗೆ ಹೋಗಬೇಕೇನ್ರಿ?”

ಅಪ್ಪ ನಕ್ಕುಬಿಟ್ಟ. ಅತ್ತೆ ನಗಲಿಲ್ಲ. “ಖರೆ ಹೇಳಾವ್ರು ಇಷ್ಟು ಲಗೂನ ಹೇಳೂದಿಲ್ಲ. ಬೂಟು ಇಲ್ಲೇ ಇರ್ಲಿ, ನಾ ಕೊಡೂತನ,” ಅಂದಳು.

ನಾಚಿಕೆಯಿಂದ ನನಗೆ ನೆಲ ಬಿರಿದು ಒಳಗೆ ಹೋಗಬೇಕೆನ್ನಿಸಿತು. ಅವನ ಕಾಕನಂತೂ ಹೆಗಲ ಮೇಲಿನ ಟವೆಲು ಜಾಡಿಸಿ ಎದ್ದೇಬಿಟ್ಟ. ದೇವೀಂದ್ರಪ್ಪ ಒಮ್ಮೆ ತನ್ನ ಕಾಲು ನೋಡಿಕೊಂಡು, ಒಮ್ಮೆ ನನ್ನನ್ನು ನೋಡಿ, “ಇಟ್ಕೊಳ್ರಿ ಅತ್ತಿ,” ಅಂದ. ಆ ಸುಡುಬಿಸಿಲಲ್ಲಿ ಬರಿಗಾಲಲ್ಲೇ ಬಸ್ಸಿಗೆ ನಡೆದ.

ಅವತ್ತು ನಾನು ಅತ್ತೆಯ ಮೇಲೆ ಹರಿಹಾಯ್ದೆ. ಅವಳು ಎಲ್ಲ ಕೇಳಿಸಿಕೊಂಡು, ಅಲ್ಲಿಯತನಕ ಬಾಯಿ ಬಿಡದಿದ್ದ ಮಾತನ್ನು ಹೇಳಿದಳು.

“ನನ್ನ ಲಗ್ನದಾಗ ನಿಮ್ಮ ಮಾಮ ವಿಲಾಯತಿ ಕೋಟು ಹಾಕಿದ್ದ, ವಿಲಾಯತಿ ಬೂಟು ಮೆಟ್ಟಿದ್ದ. ಊರೆಲ್ಲ ಬಾಯಿ ತಕ್ಕೊಂಡು ನೋಡ್ತು. ಕರಜಗಿ ಮನಿಗೆ ಹೋದ್ರ ಬಾಗಲದಾಗ ಒಬ್ಬಾವ ನಿಂತಿದ್ದ. ‘ಲೇ, ನನ್ನ ಬೂಟು ಬಿಚ್ಚು’ ಅಂದ. ಇವ ಬಿಚ್ಚಿಕೊಟ್ಟ. ಕೋಟೂ ಬಿಚ್ಚಿಕೊಟ್ಟ. ಹೊಸ್ತಿಲದಾಗ ಸೇರು ಒದಿಯಾಕ ಎತ್ತಿದ ಕಾಲು ಹಂಗೇ ಎತ್ತಿಕೊಂಡು ನಾ ನಿಂತಿದ್ದೆ. ಆಮ್ಯಾಲ ಎತ್ತಿನ ಮಾಲಕ ಬಂದ, ಹೊಲದ ಮಾಲಕ ಬಂದ. ಆ ಮನ್ಯಾಗ ಅವಂದು ಅನ್ನೂದು ನಾ ಒಬ್ಬಾಕೀನೇ ಉಳದೆ. ಎದ್ದು ಬಂದೆ.”

ಅತ್ತೆ ಬೂಟಿನ ಕಡೆ ಕೈ ತೋರಿಸಿದಳು.

“ಈ ಬೂಟಿಗೂ ಬ್ಯಾರೆ ಮಾಲಕ ಇದ್ರ ಬರ್ತಾನ. ಕಾಯೋಣು,” ಅಂದಳು.

ಅಂದಿನಿಂದ ಬೆಳಗಾದರೆ ಬೂಟು ಹೊರಗಿನ ಕಟ್ಟೆಯ ಮೇಲೆ, ಸಂಜೆಗೆ ಒಳಗೆ. “ಏನ್ ಗೌರಾ, ಈಗ ಬೂಟಿಗೇ ಗಂಡು ನೋಡಾಕತ್ತೀ ಏನ?” ಎಂದು ಪಕ್ಕದ ಮನೆಯ ಚಾಂದಬೀ ಕಾಡಿಸಿದಳು. ಆಳಂದದ ಬಸ್ಸು ಬಂದಾಗೆಲ್ಲ ನಾನು ಬಾಗಿಲಿಗೆ ಓಡುತ್ತಿದ್ದೆ. ಯಾರೂ ಬರಲಿಲ್ಲ. ಬಾರದಿದ್ದದ್ದೂ ಅತ್ತೆಗೆ ಸಂಶಯವೇ. “ತನ್ನವೇ ಆಗಿದ್ರ ಅವನಾದ್ರೂ ಬರಬೇಕಿತ್ತಲ್ಲ? ಕದ್ದವು ಇರಬೇಕು,” ಅಂದಳು. ಈ ಸಂಶಯವೆಂಬುದು ಕಜ್ಜಿಯ ಹಾಗೆ ಅಂಟುತ್ತದೆ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನಾನೇ ಬೂಟಿನೊಳಗೆ ಕೈ ಹಾಕಿ ತಡವಿದೆ.

ಕಡೆಗೊಂದು ದಿನ ಧೋತರ ಉಟ್ಟು, ಕೋಲು ಹಿಡಿದ ಹಿರಿಯನೊಬ್ಬ ಕಟ್ಟೆಯ ಮುಂದೆ ನಿಂತ. “ಈ ಬೂಟು ಒಯ್ಯಾಕ ಬಂದೇನ್ರಿ,” ಅಂದ.

ನನ್ನ ಕೈಯಲ್ಲಿದ್ದ ಜೋಳದ ಮೊರ ಜಾರಿತು. ಅತ್ತೆ ಗೆದ್ದೆನೆಂದು ಬೀಗುತ್ತಾಳೆ ಅಂದುಕೊಂಡಿದ್ದೆ. ಇಲ್ಲ, ಅವಳ ಮುಖದಲ್ಲಿ ಹನಿ ರಕ್ತ ಉಳಿಯಲಿಲ್ಲ.

“ಮೆಟ್ಟಿ ತೋರಸ್ರಿ,” ಅಂದಳು.

ಅವನು ಕೂತು ಕಾಲು ತೂರಿಸಿದ. ಒಡೆದ ಹಿಮ್ಮಡಿಯ ಅಗಲವಾದ ಪಾದ. ಬೆರಳುಗಳಷ್ಟೇ ಒಳಗೆ ಹೋದವು, ಹಿಮ್ಮಡಿ ಹೊರಗೇ ಉಳಿಯಿತು.

“ನನಗ ಹ್ಯಾಂಗ ಆಗ್ತಾವ್ರಿ? ನನ್ನ ಮಗನವು ಇವು. ನಾ ಜಗದೇವಪ್ಪ, ದೇವೀಂದ್ರನ ಅಪ್ಪ. ಮೊದಲನೇ ಪಗಾರದಾಗ ತಗೊಂಡಾನ, ಬ್ಯಾರೆ ಜೋಡಿಲ್ಲ. ಹವಾಯಿ ಚಪ್ಪಲ್‌ ಮ್ಯಾಲ ದವಾಖಾನಿಗೆ ಹೋಗಾಕತ್ತಾನ, ಎಮ್ಮಿ ತುಳದು ಬೆರಳು ಬಾತದ. ‘ಹೋಗಿ ತಗೊಂಬಾ’ ಅಂದ್ರ, ‘ಆ ಅತ್ತಿ ತಾವಾಗೇ ನಂಬಿ ಕೊಡೂತನ ಕೇಳೂದಿಲ್ಲ’ ಅಂತಾನ. ಅವಗ ಹೇಳದನ ಬಂದೇನಿ.”

ಅತ್ತೆ ಬೂಟು ಎತ್ತಿಕೊಂಡಳು. ಕಟ್ಟೆಯ ಮೇಲೆ ಕೂತು ಕೂತು ಅದಕ್ಕೆ ಮೆತ್ತಿದ್ದ ಧೂಳನ್ನು ತನ್ನ ಸೆರಗಿನಿಂದ ಒರೆಸಿದಳು. ಜಗದೇವಪ್ಪ ಚಾಚಿದ ಕೈಗೆ ಕೊಡಲಿಲ್ಲ, ನನ್ನ ಕೈಗಿಟ್ಟಳು. “ತಗೋಬೇ. ಇದಕ್ಕ ಮಾಲಕ ಒಬ್ಬಾವನೇ,” ಅಂದವಳು ಅದೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೆ ಖುಷಿಯಾಗಿತ್ತು, ಆದರೂ ಅವಳ ಜೊತೆ ನಾನೂ ಕಣ್ಣೀರು ಹಾಕಿದೆ.

ಮದುವೆಯಾಗಿ ಜೇವರ್ಗಿಗೆ ಹೋಗುವಾಗ ಅತ್ತೆ ನನ್ನ ಜೊತೆಗೇ ಬಂದಳು. ದೇವೀಂದ್ರಪ್ಪ ಅದೇ ಬೂಟಿನಲ್ಲಿದ್ದ. ಹೊಸ್ತಿಲ ಮೇಲೆ ಅಕ್ಕಿಯ ಸೇರು ಇಟ್ಟಿದ್ದರು. ನಾನು ಒದೆಯಲೆಂದು ಬಲಗಾಲು ಎತ್ತಿದಾಗ ಅತ್ತೆ ಗಬಕ್ಕನೆ ನನ್ನ ರಟ್ಟೆ ಹಿಡಿದಳು. ಕತ್ತು ಚಾಚಿ ಬಾಗಿಲ ಆಚೆ ಈಚೆ ನೋಡಿದಳು, ಹಿಂದಕ್ಕೆ ತಿರುಗಿ ಓಣಿಯುದ್ದಕ್ಕೂ ನೋಡಿದಳು. ಆಮೇಲೆ ನನ್ನ ರಟ್ಟೆ ಬಿಟ್ಟಳು.

“ಒದೀಬೇ,” ಅಂದಳು. “ಬಾಗಲದಾಗ ಯಾರೂ ಇಲ್ಲ.”